ಬಿಗಿದು, ಬಿಡು

ಮಾರ್ಚ್ 3, ಸೋಮವಾರ

ಡ್ರೈವಿಂಗ್ ಸ್ಕೂಲ್ ಕಾರಿನ ಎಂಜಿನ್ ಹೆಡ್ ಇನ್ನೂ ಬೆಂಚಿನ ಮೇಲೇ ಇದೆ. ಹಳೇ ಗ್ಯಾಸ್ಕೆಟ್ ಕೆರೆದು ಕೆರೆದು ಉಗುರೆಲ್ಲ ಕಪ್ಪು. ಹೊಸದು ಬಂದಿದೆ, ನಾಳೆ ಕೂರಿಸುವುದು. ಆಮೇಲೆ ಬೋಲ್ಟ್ ಬಿಗಿಯುವ ಕೆಲಸ... ಅದು ನನ್ನದೇ. ಇವರ ಬಲಗೈಯಲ್ಲಿ ಒಂದು ಲೋಟ ಕೂಡ ನಿಲ್ಲುವುದಿಲ್ಲ.

ಬ್ರೇಕ್ ಮೇಷ್ಟ್ರು ಬೆಳಗ್ಗೆ ಬಂದರು, ಹೋದರು, ಮತ್ತೆ ಬಂದರು. ಡ್ರೈವಿಂಗ್ ಸ್ಕೂಲಿನವರು. ಕಲಿಯುವವರ ಪಕ್ಕ ಕೂತು "ಬ್ರೇಕ್! ಬ್ರೇಕ್!" ಅಂತ ಕೂಗಿ ಕೂಗಿ ಆ ಹೆಸರೇ ನಿಂತುಬಿಟ್ಟಿದೆ. "ಅಕ್ಕಾ, ಕಾರ್ ಯಾವಾಗ ಕೊಡ್ತೀರಿ? ಟೆಸ್ಟಿಗೆ ನನ್ನ ಹೆಗಲ ಮೇಲೆ ಕೂತ್ಕೊಂಡು ಹೋಗ್ಬೇಕಾ ಅವ್ರೆಲ್ಲಾ?" ಬುಧವಾರ ಅಂದೆ. ಇವರು ಸ್ಟೂಲಿನ ಮೇಲಿಂದ ಬಾಯಿ ತೆರೆದರು. "ಗು... ಗುರು..." ಅನ್ನುವಷ್ಟರಲ್ಲಿ ಮೇಷ್ಟ್ರು ಗೇಟಿನ ಆಚೆ. ಇವರು ಹೇಳಿದ್ದೇ ಸರಿ. ಗುರುವಾರಕ್ಕೆ ಮೊದಲು ಆಗುವುದಿಲ್ಲ.

ಹೋದ ವರ್ಷ ಸ್ಟ್ರೋಕ್ ಆದಮೇಲೆ ಇವರ ಕೈಯೂ ಹೋಯಿತು, ನಾಲಗೆಯೂ ಹೋಯಿತು. ಕಿವಿ ಮಾತ್ರ ಹಾಗೇ ಇದೆ. ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿ "ಬೇ... ಬೇರಿಂಗ್" ಅನ್ನುತ್ತಾರೆ. ಗಿರಾಕಿಗಳು ಇನ್ನೂ ಬರುವುದು ಆ ಕಿವಿಗೇ. ಕೈ ನನ್ನದು, ತಲೆ ಇವರದು, ಹಾಗೆ ನಡೆಯುತ್ತಿದೆ ಗ್ಯಾರೇಜು.

ಸಂಜೆ ಮಾತಿನ ಟೀಚರ್ ಬಂದಿದ್ದರು. ಚಿಕ್ಕ ವಯಸ್ಸು, ದೊಡ್ಡ ತಾಳ್ಮೆ. "ಒಂದೊಂದೇ ಪದ ಬಿಡಿಸಿ ಹೇಳಿ ಸರ್. ಅಂಟಿಸ್ಬೇಡಿ. ಮಧ್ಯೆ ಉಸಿರು ತಗೊಳ್ಳಿ. ಕೇಳೋರು ಕಾಯ್ತಾರೆ." ಇವರು ಕಣ್ಣು ಮುಚ್ಚಿ, "ನೀರು. ಕೊಡು. ನೀರು. ಕೊಡು." ಅಡುಗೆಮನೆಯಿಂದ ಅತ್ತೆ ಚೊಂಬು ಹಿಡಿದು ಬಂದರು. "ಎಷ್ಟು ಸಲ ಕೇಳ್ತೀಯೋ, ಹೊಟ್ಟೇಲಿ ಬೆಂಕಿ ಬಿದ್ದಿದ್ಯಾ? ಇಕೋ, ಕುಡಿ." ಟೀಚರ್ ನಕ್ಕರು. ಇವರೂ ನಕ್ಕರು, ಬಾಯಿ ಒಂದೇ ಕಡೆಗೆ. ಬಹಳ ದಿನವಾಗಿತ್ತು ಇವರ ನಗು ನೋಡಿ.

ಮಾರ್ಚ್ 4, ಮಂಗಳವಾರ

ಆಗಬಾರದ್ದು ಆಯಿತು. ಹೆಡ್ ಬೋಲ್ಟಿನ ಥ್ರೆಡ್ ಹೋಯಿತು. ನಡುವಿನ ಬೋಲ್ಟು. ಬಿಗಿಯಾಗುತ್ತಾ ಬಂದದ್ದು ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು. ಆಮೇಲೆ ಸುಮ್ಮನೆ ತಿರುಗಿತು. ಹೊರಗೆ ತೆಗೆದರೆ ಬೋಲ್ಟಿಗೆ ಅಲ್ಯೂಮಿನಿಯಂ ಸುರುಳಿ ಸುತ್ತಿಕೊಂಡು ಬಂತು. ಎಂಜಿನ್ ಬ್ಲಾಕಿನ ತೂತಿನ ಒಳಗೆ ಬೋಲ್ಟ್ ಕಚ್ಚಿಕೊಳ್ಳುವ ಥ್ರೆಡ್ಡೆಲ್ಲ ಕಿತ್ತು ಬೋಲ್ಟಿನ ಜೊತೆಗೇ ಬಂದಿದೆ.

ಆಗಿದ್ದು ಹೀಗೆ. ಆ ಬೋಲ್ಟ್ ಬಿಗಿಯುವಾಗ ಕಿರ್ ಅಂತ ಸದ್ದು ಬಂತು. ಇವರು ಏನೋ ಅಂದರು. ನಮ್ಮ ಗ್ಯಾರೇಜಿನಲ್ಲಿ 'ಬಿಡು' ಅಂದರೆ ಸಡಿಲಿಸು. 'ಬಿಗಿದು, ಬಿಡು' ಅಂದರೆ ಒಂದಿಷ್ಟು ಬಿಗಿದು, ಮತ್ತೆ ಸಡಿಲಿಸಿ, ತೆಗೆದು ನೋಡು. ಅದನ್ನೇ ಅಂಟಿಸಿ 'ಬಿಗಿದುಬಿಡು' ಅಂದರೆ ಪೂರ್ತಿ ಬಿಗಿದು ಮುಗಿಸು. ಇವರ ನಾಲಗೆ ಎಲ್ಲವನ್ನೂ ಅಂಟಿಸುತ್ತದೆ. ನನಗೆ 'ಬಿಗಿದುಬಿಡು' ಅಂತಲೇ ಕೇಳಿಸಿತು. ಸ್ಪ್ಯಾನರಿನ ಹಿಡಿಗೆ ಪೈಪ್ ತೊಡಿಸಿ ಮೈಭಾರ ಹಾಕಿ ಬಿಗಿದೆ.

ಮೇಷ್ಟ್ರು ಅಲ್ಲೇ ನಿಂತಿದ್ದರು, ಕಾರು ಕಲಿಯುವ ಹೆಂಗಸರಿಬ್ಬರ ಜೊತೆ. "ಏನಾಯ್ತಕ್ಕಾ? ಹೆಂಗಸರ ಕೈಗೆ ಸ್ಪ್ಯಾನರ್ ಕೊಟ್ರೆ ಇದೇ ಕಥೆ ನೋಡಿ." ನಾನು ಅಂದೆ: "ನಾನೇನ್ ಮಾಡ್ಲಿ? ಇವರು ಬಿಗಿದುಬಿಡು ಅಂದ್ರು, ಬಿಗಿದೆ. ಇವರು ಹೇಳೋದು ಒಂದು, ನಮ್ಗೆ ಕೇಳ್ಸೋದು ಇನ್ನೊಂದು. ನಾಲಗೆ ಹೊರಳಲ್ಲ ಅಂದ್ಮೇಲೆ..." ಇದ್ದದ್ದು ಇದ್ದ ಹಾಗೆ ಹೇಳಿದೆ. ಅಷ್ಟೇ.

ಮಾರ್ಚ್ 5, ಬುಧವಾರ

ಹೆಡ್ ಮತ್ತೆ ಇಳಿಸಿದೆ. ಹೊಸ ಗ್ಯಾಸ್ಕೆಟ್ ದಂಡ. ಇನ್ನೊಂದಕ್ಕೆ ಹೇಳಿಕಳಿಸಿದೆ.

ಇವರು ಸ್ಟೂಲಿನ ಮೇಲೆ ಕೂತಿದ್ದರು. ಒಂದು ಮಾತಿಲ್ಲ. ಊಟಕ್ಕೆ ಕರೆದರೆ ತಲೆ ಆಡಿಸಿದರು. ಉಪ್ಪು ಬೇಕಾದರೆ ಬೆರಳು ತೋರಿಸಿದರು. ಸಿಟ್ಟಿರಬೇಕು. ಇರಲಿ, ನಾಳೆ ಸರಿಹೋಗುತ್ತದೆ.

ಮಾರ್ಚ್ 6, ಗುರುವಾರ

ಸರಿಹೋಗಲಿಲ್ಲ.

ಮಾತಿನ ಟೀಚರ್ ಬಂದರು. ಇವರು ಗೋಡೆ ಕಡೆ ತಿರುಗಿ ಕೂತರು. "ಸರ್, ಒಂದೇ ಒಂದು ಪದ." ಇಲ್ಲ. "ಮೇಡಂ ಹೆಸರು ಹೇಳಿ ಸರ್." ಇಲ್ಲ. ಎಡಗೈ ಎತ್ತಿ ಬಾಯಿ ಮುಟ್ಟಿಕೊಂಡು, ಹೀಗೆ ಕೊಡವಿದರು. ಕೆಟ್ಟುಹೋದ ಪಾರ್ಟ್ ಅನ್ನು ಗುಜರಿಗೆ ಎಸೆಯುವಾಗ ಹೀಗೆಯೇ ಮಾಡುತ್ತಾರೆ. ನೋಡಲಾಗಲಿಲ್ಲ, ಬಟ್ಟೆ ತರುವ ನೆಪದಲ್ಲಿ ಎದ್ದುಹೋದೆ.

ಗೇಟಿನ ಹತ್ತಿರ ಟೀಚರ್ ಕೇಳಿದರು, "ಏನಾದ್ರೂ ಆಯ್ತಾ ಮನೇಲಿ? ಎಷ್ಟು ಚೆನ್ನಾಗಿ ಬರ್ತಿತ್ತು. ಇಂಥ ಟೈಮಲ್ಲಿ ಬಿಟ್ಟುಬಿಟ್ರೆ ನಾಲಗೆ ಅಲ್ಲೇ ನಿಂತ್ಹೋಗುತ್ತೆ ಮೇಡಂ. ಆಮೇಲೆ ನಾನು ಬಂದ್ರೂ ಪ್ರಯೋಜನ ಇಲ್ಲ." ಏನೂ ಆಗಿಲ್ಲ ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ನನ್ನ ನಾಲಗೆಗೆ ಯಾವ ಕಾಯಿಲೆಯೂ ಇಲ್ಲವಲ್ಲ.

ಬೇಕರಿಯವನು ಬ್ರೆಡ್ ಕೊಡುತ್ತಾ ಕೇಳಿದ: "ಅಣ್ಣಂಗೆ ಮಾತು ಪೂರ್ತಿ ಹೋಯ್ತಂತೆ? ಮೇಷ್ಟ್ರು ಹೇಳ್ತಿದ್ರು."

ಮಾರ್ಚ್ 10, ಸೋಮವಾರ

ನಾಲ್ಕನೇ ತಾರೀಖು ಬರೆದದ್ದು ಸುಳ್ಳು. ಇಲ್ಲಿ ಓದುವವರು ಯಾರೂ ಇಲ್ಲ, ಆದರೂ ಇಲ್ಲೂ ಸುಳ್ಳೇ ಬರೆದೆನಲ್ಲ. ನನ್ನ ಕಡೆ ನಾನೇ ಸಾಕ್ಷಿ ಹೇಳಿಕೊಂಡ ಹಾಗೆ. ಥೂ.

ಕೇಳಿಸಿತ್ತು. ಚೆನ್ನಾಗಿಯೇ ಕೇಳಿಸಿತ್ತು. "ಬಿಗಿದು." ನಿಲ್ಲಿಸಿದರು. ಉಸಿರು ತೆಗೆದುಕೊಂಡರು. "ಬಿಡು." ಟೀಚರ್ ಹೇಳಿಕೊಟ್ಟ ಹಾಗೇ, ಮಧ್ಯೆ ಒಬ್ಬ ಮನುಷ್ಯ ದಾಟಿ ಹೋಗುವಷ್ಟು ಜಾಗ ಬಿಟ್ಟು. ಹೇಳಿಯಾದ ಮೇಲೆ ಮುಖ ಅರಳಿತ್ತು. ಸ್ಟ್ರೋಕ್ ಆದಮೇಲೆ ಇಷ್ಟು ಶುದ್ಧವಾಗಿ ಹೇಳಿದ್ದು ಅದೇ ಮೊದಲು ಇರಬೇಕು. ಅದೂ ಹೊರಗಿನವರ ಎದುರಿಗೆ, ಅವರಿಗೆ ಅರ್ಥವಾಗದ ಕೆಲಸದ ಮಾತು.

ನನಗೆ ಏನಾಗಿತ್ತು ಅಂದರೆ... ಅವತ್ತು ಬೆಳಗ್ಗೆಯಿಂದ ಇವರು ತಿದ್ದುತ್ತಲೇ ಇದ್ದರು. ಅದಲ್ಲ, ಇದು. ಹಾಗಲ್ಲ, ಹೀಗೆ. ಮೇಷ್ಟ್ರ ಎದುರಿಗೆ, ಆ ಹೆಂಗಸರ ಎದುರಿಗೆ. ಈಚೆಗೆ ಒಬ್ಬಿಬ್ಬರು ಗಿರಾಕಿಗಳು "ಅಕ್ಕನೇ ಮಾಡ್ಲಿ, ನೀಟಾಗಿ ಮಾಡ್ತಾರೆ" ಅನ್ನಲು ಶುರು ಮಾಡಿದ್ದಾರೆ. ತಲೆಗೇರಿತ್ತು ಅದು. ನನಗೆ ಗೊತ್ತಿಲ್ಲವಾ ಬೋಲ್ಟ್ ಬಿಗಿಯುವುದು ಅಂತ ಪೈಪ್ ಹಾಕಿದೆ. ಇವರ ಮಾತು ಕಿವಿಯಲ್ಲಿ ಇರುವಾಗಲೇ ಹಾಕಿದೆ. ಕಿರ್ ಅಂದದ್ದೂ ಕೇಳಿತ್ತು. ತೂತಿನಲ್ಲಿ ಕಸ ಇರುತ್ತದೆ, ಹಳೇ ಎಣ್ಣೆ ಇರುತ್ತದೆ, ತೆಗೆದು ನೋಡಬೇಕು. ಗೊತ್ತು. ಎಲ್ಲ ಗೊತ್ತು.

ಥ್ರೆಡ್ ಹೋಗಿದ್ದಕ್ಕೆ ನಾಚಿಕೆಯಿಲ್ಲ. ಎಂಥೆಂಥವರ ಕೈಯಲ್ಲೂ ಹೋಗುತ್ತದೆ. ಮೇಷ್ಟ್ರು ಹೆಂಗಸರ ಕೈ ಅಂದರಲ್ಲ, ಆಗ ನನ್ನ ಕೈ ಉಳಿಸಿಕೊಳ್ಳಲು ಇವರ ನಾಲಗೆ ಕೊಟ್ಟೆ. ಅದಕ್ಕೆ ನಾಚಿಕೆ. ಇವರು ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಇಲ್ಲ, ತುಟಿ ಅಲ್ಲಾಡಿಸಿ ಒಳಗೊಳಗೇ ಹೇಳಿ ನೋಡಿಕೊಂಡರು, ತಾನು ಹೇಗೆ ಅಂದೆ ಅಂತ. ನಂಬಿಬಿಟ್ಟರು. ಕಟ್ಟಿಕೊಂಡ ಹೆಂಡತಿ ಹೇಳಿದ ಮೇಲೆ ಇನ್ನೇನು.

ಹೇಳಿದರೆ ಮತ್ತೆ ಮಾತಾಡುತ್ತಾರೆ. ಹೇಳದಿದ್ದರೆ ಆ ನಾಲಗೆ ಅಲ್ಲೇ ನಿಲ್ಲುತ್ತದೆ. ಇಷ್ಟು ಸರಳ. ಆದರೂ ಇವತ್ತೂ ಹೇಳಲಿಲ್ಲ. ಊಟಕ್ಕೆ ಬಡಿಸುವಾಗ ಹೇಳೋಣ ಅಂದುಕೊಂಡೆ, ಅತ್ತೆ ಇದ್ದರು. ಅತ್ತೆ ಎದ್ದುಹೋದರು, ಆಗ ಪಲ್ಯ ಮುಗಿದಿತ್ತು ಅಂತ ತರಲು ಹೋದೆ. ಪಲ್ಯ ಮುಗಿದಿರಲಿಲ್ಲ.

ಮಾರ್ಚ್ 12, ಬುಧವಾರ

ತೂತು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಅದರೊಳಗೆ ಸ್ಟೀಲ್ ಕಾಯಿಲ್ ಕೂರಿಸಬೇಕು. ಸ್ಪ್ರಿಂಗಿನ ಹಾಗೆ ಇರುತ್ತದೆ. ಅದರ ಒಳಮೈಗೆ ಹಳೇ ಬೋಲ್ಟೇ ಸರಿಯಾಗಿ ಕೂರುತ್ತದೆ. ಬೇರೆ ದಾರಿಯಿಲ್ಲ. ಡ್ರಿಲ್ ಒಂದು ಕೂದಲೆಳೆ ಓರೆಯಾದರೂ ಬ್ಲಾಕ್ ಗುಜರಿಗೆ. ಲೇತ್‌ನವನ ಹತ್ತಿರ ದಪ್ಪ ಕಬ್ಬಿಣದ ಪಟ್ಟಿಗೆ ನೇರ ತೂತು ಹೊಡೆಸಿ ತಂದೆ. ಅದನ್ನು ಬ್ಲಾಕಿಗೆ ಬೋಲ್ಟ್ ಹಾಕಿ ಕೂರಿಸಿ, ಆ ತೂತಿನೊಳಗಿಂದ ಡ್ರಿಲ್ ಇಳಿಸುವುದು. ಆಗ ಓರೆಯಾಗುವುದಿಲ್ಲ. ಸಿಲಿಂಡರ್‌ಗೆ ಚೂರು ಬೀಳದಂತೆ ಬಟ್ಟೆ ತುರುಕಿದೆ. ಎಷ್ಟು ಆಳ ಇಳಿಯಬೇಕು ಅಂತ ಗುರುತಿಗೆ ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿದೆ.

ಡ್ರಿಲ್ ಹಾಕಿದೆ. ಇವರು ಪಕ್ಕದಲ್ಲೇ. ಸದ್ದು ಸ್ವಲ್ಪ ಬದಲಾಯಿತು ಅನ್ನಿಸಿತು, ಆದರೂ ಒತ್ತಿದೆ. ಕೋಲಿನಿಂದ ನೆಲ ಕುಟ್ಟಿದರು. ನಿಲ್ಲಿಸಿದೆ. ಬಿಟ್ ತೆಗೆದರೆ ಚೂರು ತುಂಬಿ ಕಟ್ಟಿಕೊಂಡಿತ್ತು. ಇನ್ನೊಂದಿಷ್ಟು ಒತ್ತಿದ್ದರೆ ಬಿಟ್ ಒಳಗೇ ಮುರಿಯುತ್ತಿತ್ತು. "ನಿಲ್ಸು" ಅಂತ ಅನ್ನಬಹುದಿತ್ತು ಇವರು. ಸುಲಭದ ಮಾತು. ಕೋಲು ಕುಟ್ಟಿದರು.

ಅತ್ತೆ ಸಂಜೆ ನನ್ನನ್ನು ಹಿಡಿದರು. "ಏನೇ, ನನ್ನ ಮಗ ಯಾಕೆ ಮೂಗನ ಹಾಗೆ ಕೂತಿದಾನೆ? ಜಗಳ ಆಡಿದ್ರಾ?" ಇಲ್ಲ ಅತ್ತೆ ಅಂದೆ. "ಜಗಳ ಆಡಿದ್ರೆ ಒಳ್ಳೇದಿತ್ತು. ಜಗಳದಲ್ಲಾದ್ರೂ ಮಾತು ಬರುತ್ತೆ." ಅವರ ಮುಖ ನೋಡಲಾಗಲಿಲ್ಲ.

ಮಾರ್ಚ್ 13, ಗುರುವಾರ

ಹೇಳಿದೆ.

ಟ್ಯಾಪ್ ಅನ್ನುವ ಹಲ್ಲಿನ ಕಡ್ಡಿಯಿಂದ ಥ್ರೆಡ್ ಕೊರೆಯುತ್ತಿದ್ದೆ. ಟ್ಯಾಪ್ ಅರ್ಧ ಸುತ್ತು ಮುಂದೆ, ಒಂದಿಷ್ಟು ಹಿಂದೆ. ಮುಂದೆ, ಹಿಂದೆ. ಹಿಂದೆ ತಿರುಗಿಸಿದಾಗ ಒಳಗೆ ಚೂರು ಕಟ್ ಅಂತ ಮುರಿಯುವುದು ಕೈಗೆ ಗೊತ್ತಾಗುತ್ತದೆ. ಎಣ್ಣೆ ಬಿಟ್ಟು ಮತ್ತೆ. ಇವರಿಗೆ ಬೆನ್ನು ಹಾಕಿ ನಿಂತಿದ್ದೆ. ಮುಖ ನೋಡಿಕೊಂಡು ಹೇಳುವ ಧೈರ್ಯ ಯಾರಿಗಿದೆ.

"ರೀ."

ಕೋಲು ಒಮ್ಮೆ ನೆಲಕ್ಕೆ ತಾಗಿತು.

"ಅವತ್ತು ನೀವು ಸರಿಯಾಗೇ ಹೇಳಿದ್ರಿ. ಬಿಡಿಸಿ ಹೇಳಿದ್ರಿ. ನಂಗೆ ಕೇಳಿಸ್ತು. ಕೇಳಿಸ್ಕೊಂಡೇ ಬಿಗಿದೆ ನಾನು. ಅವ್ರೆದುರಿಗೆ ಹೇಳಿದ್ದು ಸುಳ್ಳು."

ಟ್ಯಾಪ್ ತಿರುಗಿಸುತ್ತಲೇ ಇದ್ದೆ. ಕೈ ನಡುಗಿದರೆ ಥ್ರೆಡ್ ಹಾಳು, ಆ ಯೋಚನೆಯೂ ಇತ್ತು. ಅಂಥ ಹೊತ್ತಿನಲ್ಲೂ ಕೆಲಸದ ನೆಪ ಹಿಡಿದುಕೊಂಡಿದ್ದೆ. ಸ್ಟೂಲ್ ಕಿರುಗುಟ್ಟಿತು. ತಿರುಗಿ ನೋಡಿದೆ. ಎದ್ದು ನಿಂತಿದ್ದರು. ಕಣ್ಣು ಕೆಂಪಗಿತ್ತು. ಬಾಯಿ ತೆರೆದರು, ಮುಚ್ಚಿದರು. ನಾನು ಕಾದೆ.

"ಇಷ್ಟು. ದಿನ." ಉಸಿರು. "ನಾನು. ನನ್ನ. ನಾಲಗೇಗೆ. ಬೈದೆ."

ಕೋಲು ಹಿಡಿದು ಮನೆ ಕಡೆ ನಡೆದರು. ಕೈ ಹಿಡಿಯಲು ಹೋದೆ, ಕೊಡವಿದರು. ಬೈದಿದ್ದರೆ, ಹೊಡೆಯಲು ಬಂದಿದ್ದರೆ, ಏನಾದರೂ ಒಂದು... ಟ್ಯಾಪ್ ಅರ್ಧದಲ್ಲೇ ಇತ್ತು. ವಾಪಸ್ ಬಂದು ಮುಗಿಸಿದೆ. ಥ್ರೆಡ್ ಚೆನ್ನಾಗಿ ಬಂದಿದೆ. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ, ಅದನ್ನು ನೋಡಿ ಅಳು ಬಂತು.

ಮಾರ್ಚ್ 14, ಶುಕ್ರವಾರ

ಬೆಳಗ್ಗೆ ಬಚ್ಚಲುಮನೆ ಬಾಗಿಲು ಹಾಕಿತ್ತು. ಒಳಗೆ ನಲ್ಲಿ ಬಿಟ್ಟಿತ್ತು. ನೀರಿನ ಸದ್ದಿನ ಹಿಂದೆ ಇವರ ಧ್ವನಿ. "ಬಿಗಿದು. ಬಿಡು. ಬಿಗಿದು. ಬಿಡು." ಮಧ್ಯೆ ನಿಲ್ಲಿಸಿ, ಮತ್ತೆ ಮೊದಲಿಂದ. ತನ್ನ ನಾಲಗೆ ನಿಜಕ್ಕೂ ಸರಿ ಇತ್ತಾ ಅಂತ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ನನ್ನ ಮಾತಿನ ಮೇಲೆ ಈಗ ನಂಬಿಕೆ ಇಲ್ಲವಲ್ಲ, ಹಾಗೆಂದರೂ ಹೀಗೆಂದರೂ. ಟವೆಲ್ ಹಿಡಿದು ಹೊರಗೇ ಕೂತಿದ್ದೆ.

ಮಧ್ಯಾಹ್ನ ಗ್ಯಾರೇಜಿಗೆ ಬಂದರು, ಅಷ್ಟು ಸಾಕು. ಕಾಯಿಲ್ ಕೂರಿಸಿದೆವು. ಮೇಲ್ಮೈಗಿಂತ ಒಂಚೂರು ಕೆಳಗೆ ಇಳಿಯಬೇಕು. "ಇನ್ನೂ." ಇಳಿಸಿದೆ. "ಸಾಕು." ನಿಲ್ಲಿಸಿದೆ. ಎರಡು ಮಾತು. ಎರಡೂ ಎಂಜಿನ್ನಿಗೆ ಹೇಳಿದ ಹಾಗಿತ್ತು, ನನಗಲ್ಲ. ಮೊದಲೆಲ್ಲ "ಏನೇ" ಅಂತ ಶುರು ಮಾಡುತ್ತಿದ್ದರು. ಆ "ಏನೇ" ಇಲ್ಲ.

ಟೀಚರ್‌ಗೆ ಫೋನ್ ಮಾಡಿ ಬನ್ನಿ ಅಂದೆ. ಅತ್ತೆ ಏನೂ ಕೇಳಲಿಲ್ಲ. ಮಗನ ತಟ್ಟೆಗೆ ಮೊಸರು ಜಾಸ್ತಿ ಹಾಕಿದರು, ನನ್ನ ಕಡೆ ನೋಡಲಿಲ್ಲ. ಎಲ್ಲ ಗೊತ್ತಾಗಿದೆ.

ಮಾರ್ಚ್ 15, ಶನಿವಾರ

ಹೆಡ್ ಕೂರಿಸಿ ಬಿಗಿದೆ. ಇವರು ಹೇಳಿದ ಹಾಗೆ, ಹೇಳಿದಷ್ಟು. ಹೊಸ ಕಾಯಿಲ್ ಹಾಕಿದ ತೂತಿನ ಬೋಲ್ಟು ಬಂದಾಗ ಉಸಿರು ಹಿಡಿದಿದ್ದೆ. ಗಟ್ಟಿ ನಿಂತಿತು. ಸ್ಟಾರ್ಟ್ ಆಯಿತು, ಸೋರಿಕೆಯಿಲ್ಲ. ಇವರು ಕಣ್ಣು ಮುಚ್ಚಿ ಸದ್ದು ಕೇಳಿದರು. ತಲೆ ಆಡಿಸಿದರು.

"ಮೇಷ್ಟ್ರಿಗೆ ನಾನೇ ಹೇಳ್ತೀನಿ" ಅಂದೆ. ಇವರು ಕೋಲು ಊರಿ ನನ್ನ ಕಡೆ ತಿರುಗಿದರು. "ಎಲ್ರ. ಎದುರಿಗೆ" ಅಂದರು. ಹೂಂ ಅಂದೆ. ಎಲ್ಲರ ಎದುರಿಗೇ ಅಂದದ್ದಲ್ಲವಾ, ಎಲ್ಲರ ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳಬೇಕು.

ಮಾರ್ಚ್ 17, ಸೋಮವಾರ

ಬರೆಯಲು ಕೂಡ ಮನಸ್ಸಿಲ್ಲ. ಆದರೂ.

ಮೇಷ್ಟ್ರು ಬಂದರು. ಜೊತೆಗೆ ಅದೇ ಹೆಂಗಸರು, ಬೇಕರಿಯವನು ಬೇರೆ, ಸುಮ್ಮನೆ ನೋಡಲು. ಒಳ್ಳೆಯದೇ ಆಯಿತು ಅಂದುಕೊಂಡೆ. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಟೂಲ್ ಬಿಟ್ಟು ಎದ್ದು ನಿಂತಿದ್ದರು. ಕೀ ಕೈಗೆ ಕೊಡುವ ಮೊದಲೇ ಹೇಳಿದೆ. ಬೆಳಗ್ಗೆಯಿಂದ ಬಾಯಿಪಾಠ ಮಾಡಿದ್ದೆ.

"ಮೇಷ್ಟ್ರೇ, ಅವತ್ತು ಥ್ರೆಡ್ ಹೋಗಿದ್ದು ನನ್ನ ತಪ್ಪಿಂದ. ಇವರು ಬಿಗಿದು, ಬಿಡು ಅಂತ ಸ್ಪಷ್ಟವಾಗಿ ಹೇಳಿದ್ರು. ನಂಗೆ ಕೇಳಿಸಿತ್ತು. ಕೇಳಿಸ್ಲಿಲ್ಲ ಅಂತ ಸುಳ್ಳು ಹೇಳಿದೆ. ಇವರ ಮಾತಲ್ಲಿ ಏನೂ ತಪ್ಪಿಲ್ಲ."

ಮೇಷ್ಟ್ರು ನನ್ನ ಮುಖ ನೋಡಿದರು. ಇವರ ಮುಖ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ನೀರು!

"ಅಯ್ಯೋ ಬಿಡಿ ಅಕ್ಕಾ. ನಂಗೊತ್ತಾಗಲ್ವಾ? ಗಂಡನ ಮರ್ಯಾದೆ ಉಳ್ಸೋಕೆ ತಪ್ಪು ಮೈಮೇಲೆ ಎಳ್ಕೊಳ್ತಿದೀರಿ. ಎಂಥ ಹೆಂಗಸು ಕಣ್ರೀ ನೀವು!"

"ಇಲ್ಲ, ನಿಜವಾಗ್ಲೂ ನಾನೇ..."

"ಸಾಕು ಅಕ್ಕಾ. ಇನ್ನೇನೂ ಹೇಳ್ಬೇಡಿ."

ಆಗ ಇವರು ಬಾಯಿ ತೆರೆದರು. ಟೀಚರ್ ಹೇಳಿಕೊಟ್ಟ ಹಾಗೆ, ಒಂದೊಂದೇ. "ಇವಳು." ಉಸಿರು. "ಸುಳ್ಳು." ಉಸಿರು ತೆಗೆದುಕೊಳ್ಳುತ್ತಿದ್ದರು. 'ಹೇಳಿದ್ಲು' ಬರಬೇಕಿತ್ತು, 'ಅವತ್ತು' ಬರಬೇಕಿತ್ತು. ಅಷ್ಟರಲ್ಲಿ ಮೇಷ್ಟ್ರು ಚಪ್ಪಾಳೆ ತಟ್ಟಿದರು. "ನೋಡಿ! ಅಣ್ಣನೇ ಹೇಳ್ತಿದಾರೆ, ಇವಳು ಹೇಳ್ತಿರೋದು ಸುಳ್ಳು ಅಂತ! ಗಂಡನಿಗೆ ಗೊತ್ತಿಲ್ವಾ ಹೆಂಡ್ತಿ ಗುಣ!" ಹೆಂಗಸರಲ್ಲಿ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಷ್ಟ್ರು ಇವರ ಕಿವಿಯ ಹತ್ತಿರ ಬಾಗಿ, ಕಿವುಡರಿಗೆ ಹೇಳುವ ಹಾಗೆ ಜೋರಾಗಿ, "ಪು-ಣ್ಯ ಮಾ-ಡಿ-ದೀ-ರಿ ಅ-ಣ್ಣಾ!" ಅಂದರು. ಭುಜ ತಟ್ಟಿದರು. ಕಾರು ಹತ್ತಿದರು. ಹೋದರು.

"ಹೇಳಿದ್ಲು" ಅಂದರು ಇವರು. "ಅವತ್ತು" ಅಂದರು. ಗೇಟಿನಲ್ಲಿ ಹೊಗೆ ಮಾತ್ರ ಇತ್ತು.

ನಾನು ಓಡಿ ಹೋಗಿ ಕಾರು ನಿಲ್ಲಿಸಬಹುದಿತ್ತು. ಗೇಟಿನವರೆಗೆ ಹೋದೆ. ಹೋಗಿ ನಿಂತೆ.

ಮಾರ್ಚ್ 18, ಮಂಗಳವಾರ

ಟೀಚರ್ ಬಂದಿದ್ದರು. ಇವರು ಕೂತರು, ಬಾಯಿ ಬಿಟ್ಟು ಹೇಳಿದರು, ಎಲ್ಲ ಪದ. ಒಂದು ಬದಲಾವಣೆ. ಮಧ್ಯೆ ಉಸಿರು ಬಿಡಲು ಹೆದರುತ್ತಾರೆ ಈಗ. ಯಾರಾದರೂ ನುಗ್ಗಿಬಿಡುತ್ತಾರೆ ಅನ್ನುವ ಹಾಗೆ ಗಬಗಬ ಅಂಟಿಸಿ ಮುಗಿಸುತ್ತಾರೆ. ಟೀಚರ್ "ಅವಸರ ಯಾಕೆ ಸರ್?" ಅಂದರು. ಇವರು ನನ್ನ ಕಡೆ ನೋಡಲಿಲ್ಲ.

ಮೇಷ್ಟ್ರ ಸ್ಕೂಲಿಗೆ ಹೋಗಿ ಮತ್ತೆ ಹೇಳುತ್ತೇನೆ ಅಂತ ಇವರಿಗೆ ಮಾತು ಕೊಟ್ಟು ಹೊರಟೆ. ದಾರಿಯಲ್ಲಿ ಬೇಕರಿಯವನು ಅಂಗಡಿಯಿಂದ ಇಳಿದು ಬಂದ. ಅಲ್ಲಿದ್ದವರಿಗೆಲ್ಲ ತೋರಿಸಿ, "ಇವ್ರೇ ನೋಡಿ ನಾನು ಹೇಳಿದ್ದು, ಇಂಥ ಹೆಂಡ್ತಿ ಸಿಗ್ಬೇಕಾದ್ರೆ..." ಅಂದ. ಎಲ್ಲ ತಿರುಗಿ ನೋಡಿದರು. ವಯಸ್ಸಾದವರೊಬ್ಬರು ಕೈ ಮುಗಿದರು, ನನಗೆ. ಅಲ್ಲ, ಹಾಗಲ್ಲ, ನಾನು ಸುಳ್ಳಿ, ಅನ್ನಬೇಕಿತ್ತು. ನಾಲಗೆ ತುದಿಗೆ ಬಂದಿತ್ತು. ತಲೆ ತಗ್ಗಿಸಿದೆ. ಅವರಿಗೆ ಅದು ವಿನಯದ ಹಾಗೆ ಕಂಡಿರಬೇಕು.

ಸ್ಕೂಲಿಗೆ ಹೋಗಲಿಲ್ಲ. ವಾಪಸ್ ಬಂದೆ. ಇವರು "ಹೇಳಿದ್ಯಾ?" ಅಂತ ಕೇಳಿದರು. ಸ್ಪಷ್ಟವಾಗಿ ಕೇಳಿದರು. ಕೇಳಿಸಲಿಲ್ಲ ಅನ್ನುವ ಹಾಗೆ ಒಳಗೆ ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ. ಆ ವಯಸ್ಸಾದವರು ಕೈ ಮುಗಿದಾಗ ನಾಚಿಕೆಯಾಯಿತು, ನಿಜ. ಆದರೆ ಅದಕ್ಕೆ ಮೊದಲು, ಒಂದು ಗಳಿಗೆ, ಎಲ್ಲರೂ ನನ್ನನ್ನು ಹಾಗೆ ನೋಡುತ್ತಿರುವಾಗ, ನನಗೆ ಎಷ್ಟು ಹಿತವಾಗಿತ್ತು ಅಂದರೆ...